ಇಸ್ರಾಯೇಲ್ಯರು ಮತ್ತು ನಮ್ಮ ಹಿಡಿಯಕ್ಕಿ

ಈ ತಿಂಗಳ ಕೂಟ ಹೊಸದುರ್ಗದಲ್ಲೇ ಆಗಬೇಕು, ಅದೂ ನನ್ನ ನಾದಿನಿಯ ಮನೆಯಲ್ಲೇ ಆಗಬೇಕು ಎಂದು ಹೆಂಗಸರೆಲ್ಲ ಸೇರಿ ತೀರ್ಮಾನಿಸಿದ ದಿನ ನಾನು ಎರಡು ಸಲ ಕಾಫಿ ಮಾಡಿಕೊಂಡು ಎರಡು ಸಲವೂ ಕುಡಿಯಲು ಮರೆತೆ. ನಾದಿನಿ ನನ್ನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಬಿಡುವಂತೆ ಮಾಡಿದವಳು ನಾನೇ. "ನೀವೇ ಹೋಗಿ ಕರೀಬೇಕು ಟೀಚರ್, ನಾವು ಕರೆದರೆ ಬಾಗಿಲು ತೆಗೀತಾಳೆ, ಮನಸ್ಸು ತೆಗೆಯಲ್ಲ" ಎಂದು ರಾಮಗಿರಿಯ ಅಜ್ಜಿ ಫೋನಿನಲ್ಲಿ ಹೇಳಿದರು. ಅಜ್ಜಿಗೆ ಎಂಬತ್ತು ದಾಟಿದೆ. ನನಗೆ ಎಪ್ಪತ್ತನಾಲ್ಕು. ಈ ವಯಸ್ಸಿನಲ್ಲಿ ನನಗೆ ಹೀಗೆ ಆರ್ಡರ್ ಮಾಡುವವರು ಅವರೊಬ್ಬರೇ.

ಕೂಟ ಎಂದರೆ ದೊಡ್ಡದೇನಲ್ಲ. ನಾವು ಕ್ರೈಸ್ತರು, ಈ ಜಿಲ್ಲೆಯಲ್ಲಿ ಕೈಬೆರಳೆಣಿಕೆಯಷ್ಟು ಮನೆಗಳು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಈ ನಾಲ್ಕು ಕಡೆಯ ಹೆಂಗಸರು ತಿಂಗಳಿಗೊಂದು ಊರಿನಂತೆ ಸರದಿ ಹಾಕಿಕೊಂಡು ಸೇರುತ್ತೇವೆ. ಎರಡು ಹಾಡು, ಒಂದು ಪ್ರಾರ್ಥನೆ, ಒಂದು ಪಾಠ, ಆಮೇಲೆ ಮಂಡಕ್ಕಿ ಮೆಣಸಿನಕಾಯಿ. ಪಾಠ ಹೇಳುವುದು ಯಾವಾಗಲೂ ನಾನು. ಯಾಕೆ ಎಂದರೆ ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಟೀಚರಾಗಿ ರಿಟೈರ್ ಆದವಳು, ನಿಂತು ಮಾತಾಡಿದರೆ ನಿಲ್ಲಿಸುವುದು ಕಷ್ಟ. ನಮ್ಮ ಪಾಠಗಳ ಪಟ್ಟಿ ನಾಲ್ಕು ವರ್ಷಕ್ಕೊಮ್ಮೆ ಸುತ್ತಿ ಮತ್ತೆ ಮೊದಲಿಗೆ ಬರುತ್ತದೆ. ಈ ತಿಂಗಳು ಬಂದಿದ್ದು ಅದೇ ಪಾಠ, ನಾಲ್ಕು ವರ್ಷದ ಹಿಂದೆ ಎಲ್ಲ ಕೆಡಿಸಿದ ಪಾಠ: ಇಸ್ರಾಯೇಲ್ಯರು ಮತ್ತೆ ಮತ್ತೆ ದೇವರನ್ನು ಮರೆತದ್ದು, ಮತ್ತೆ ಮತ್ತೆ ಎಚ್ಚರಗೊಂಡದ್ದು.

ಈ ಪಾಠವನ್ನು ನಾನು ಮೊದಲು ಕಲಿತದ್ದು ಚಿತ್ರದುರ್ಗದ ಕಾನ್ವೆಂಟಿನಲ್ಲಿ, ಆರನೇ ಕ್ಲಾಸಿನಲ್ಲಿ. ಸ್ಕ್ರಿಪ್ಚರ್, ಅಂದರೆ ಬೈಬಲ್, ಹೇಳಿಕೊಡುತ್ತಿದ್ದ ಸಿಸ್ಟರ್ ಮಂಗಳೂರು ಕಡೆಯವರು, ತೆಳ್ಳಗೆ, ಉದ್ದಕ್ಕೆ, ಸೀಮೆಸುಣ್ಣವನ್ನೇ ಆರನೆಯ ಬೆರಳಿನಂತೆ ಹಿಡಿದು ಓಡಾಡುತ್ತಿದ್ದವರು. ನ್ಯಾಯಸ್ಥಾಪಕರ ಕಾಲವನ್ನು, ಅಂದರೆ ರಾಜರು ಬರುವ ಮುಂಚೆ ದೇವರು ಎಬ್ಬಿಸಿದ ನಾಯಕರು ಜನರನ್ನು ನಡೆಸಿದ ಕಾಲವನ್ನು, ಅವರು ಬೋರ್ಡಿನ ಮೇಲೆ ಒಂದು ಚಕ್ರ ಬರೆದು ಹೇಳಿಕೊಟ್ಟರು. ಚಕ್ರದ ನಾಲ್ಕು ಕಡೆ ನಾಲ್ಕು ಮಾತು: ಫರ್ಗೆಟ್, ಸಫರ್, ಕ್ರೈ, ರೆಸ್ಕ್ಯೂ. ಜನ ಸುಖವಾಗಿದ್ದಾಗ ದೇವರನ್ನು ಮರೆಯುತ್ತಾರೆ, ಶತ್ರುಗಳ ಕೈಗೆ ಸಿಕ್ಕಿ ನರಳುತ್ತಾರೆ, ಅಳುತ್ತಾರೆ, ಆಗ ದೇವರು ಯಾರನ್ನಾದರೂ ಎಬ್ಬಿಸಿ ಕಳಿಸುತ್ತಾನೆ, ನಲವತ್ತು ವರ್ಷ ನೆಮ್ಮದಿ. ಮತ್ತೆ ಫರ್ಗೆಟ್. ನಾವು ಇದನ್ನು ಮಗ್ಗಿಯ ಹಾಗೆ ರಾಗವಾಗಿ ಹೇಳುತ್ತಾ ಲಂಗ ಹಾರಿಸಿಕೊಂಡು ಮನೆಗೆ ಓಡುತ್ತಿದ್ದೆವು.

ಪರೀಕ್ಷೆಯಲ್ಲಿ ಆ ಚಕ್ರ ಬರೆಯಲು ಬಂತು. ನಾನು ಒಂದು ಸುತ್ತು ಬರೆದೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಏಳು ಸುತ್ತು ಮೇಲಕ್ಕೆ ಹತ್ತಿಸಿ ತುದಿಯಲ್ಲಿ ಒಂದು ಗುಡಿಯನ್ನೂ ಬರೆದು ಬಣ್ಣ ಹಾಕಿದೆ. ದುರ್ಗದ ಮಕ್ಕಳಿಗೆ ಸುತ್ತು ಎಂದರೆ ಬೇರೆ ಏನು ತೋಚಬೇಕು? ಕೋಟೆಯ ಒಂದೊಂದು ಸುತ್ತು ದಾಟಿದಂತೆಲ್ಲ ನಾವು ಮೇಲಕ್ಕೆ ಹೋಗುತ್ತೇವೆ, ಗಾಳಿ ಜಾಸ್ತಿಯಾಗುತ್ತದೆ, ಊರು ಚಿಕ್ಕದಾಗುತ್ತದೆ. ಸಿಸ್ಟರ್ ಪೇಪರು ಕೊಡುವಾಗ ನಕ್ಕರು. "ಮೈ ಡಿಯರ್ ಚೈಲ್ಡ್, ಸುತ್ತಿದವರೆಲ್ಲ ಮೇಲಕ್ಕೇ ಹೋಗುತ್ತಾರೆ ಅಂದುಕೊಂಡೆಯಾ? ಇವರು ಪ್ರತಿ ಸುತ್ತಿಗೂ ಒಂದೊಂದು ಮೆಟ್ಟಿಲು ಕೆಳಗಿಳಿದರು" ಎಂದರು. ನಿಜವೇ. ಮೊದಲು ಬಂದವರು ಜನರನ್ನು ಒಟ್ಟುಗೂಡಿಸಿದರು. ಕೊನೆಗೆ ಬಂದವನಿಗೆ ಮೈಯಲ್ಲಿ ಬಲವಿತ್ತು, ಬುದ್ಧಿ ಮಾತ್ರ ಹೆಂಗಸೊಬ್ಬಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವನಾದ ಮೇಲೆ ಹೇಳುವವರಿಲ್ಲ, ಕೇಳುವವರಿಲ್ಲ. ಹತ್ತಕ್ಕೆ ಐದು ಮಾರ್ಕು ಕೊಟ್ಟಿದ್ದರು. ಬಣ್ಣಕ್ಕೆ ಒಂದು ಎಕ್ಸ್ಟ್ರಾ.

ಇನ್ನು ಹಿಡಿಯಕ್ಕಿಯ ವಿಷಯ ಹೇಳಬೇಕು. ನಾನು ಮದುವೆಯಾಗಿ ಬಂದಾಗ ಅತ್ತೆ ಮೊದಲು ಕೈಗೆ ಕೊಟ್ಟದ್ದು ಒಂದು ತಗಡಿನ ಡಬ್ಬಿ. ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕಬೇಕು, ಪ್ರತಿ ಸಲ ಅನ್ನ ಮಾಡುವಾಗಲೂ. ತಿಂಗಳ ಕೂಟಕ್ಕೆ ಹೋಗುವಾಗ ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋಗಿ ಮೂಲೆಯಲ್ಲಿರುವ ಚೀಲಕ್ಕೆ ಸುರಿಯಬೇಕು. ಯಾರ ಡಬ್ಬಿಯಲ್ಲಿ ಎಷ್ಟಿತ್ತು ಎಂದು ಯಾರೂ ನೋಡುವ ಹಾಗಿಲ್ಲ. ಆ ಅಕ್ಕಿಯಲ್ಲಿ ಅನ್ನ ಮಾಡಿ ಆಸ್ಪತ್ರೆಯ ಮುಂದೆ ರೋಗಿಗಳ ಕಡೆಯವರಿಗೆ ಬಡಿಸುತ್ತೇವೆ. ಅತ್ತೆಯ ಮಗಳು, ಅಂದರೆ ನನ್ನ ನಾದಿನಿ, ಆಗ ಹನ್ನೆರಡು ವರ್ಷದವಳು. ನನಗೆ ಹಿಡಿ ಎಂದರೆ ಎಷ್ಟು ಎಂದು ಮುಷ್ಟಿ ಹಿಡಿದು ತೋರಿಸಿಕೊಟ್ಟವಳು ಅವಳೇ.

ಈ ಡಬ್ಬಿಗಳಿಗೂ ಇಸ್ರಾಯೇಲ್ಯರ ಕಾಯಿಲೆಯೇ. ಕೆಲವು ವರ್ಷ ತುಂಬುತ್ತವೆ, ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಅದರೊಳಗೆ ಗುಂಡಿ, ದಾರದುಂಡೆ, ಅರ್ಧ ಉರಿದ ಮೇಣದಬತ್ತಿ ಸೇರಿಕೊಳ್ಳುತ್ತವೆ. ಯಾರೋ ಹೊಸಬರು ಬಂದು ಎಲ್ಲರನ್ನೂ ಗದರಿಸುತ್ತಾರೆ, ಮತ್ತೆ ಅಕ್ಕಿ ಬೀಳುತ್ತದೆ. ಕರೋನಾ ಬಂದಾಗ ನೋಡಬೇಕಿತ್ತು, ಒಬ್ಬರ ಡಬ್ಬಿಯ ಮುಚ್ಚಳವೂ ಕೂರುತ್ತಿರಲಿಲ್ಲ. ಲಸಿಕೆ ಬಂತು, ಡಬ್ಬಿ ಇಳಿಯಿತು. ಹಳೆಯ ಗ್ರಂಥದಲ್ಲಿ ಜನ ಸುತ್ತಲಿನವರ ದೇವರುಗಳ ಹಿಂದೆ ಹೋದರು ಎಂದು ಬರುತ್ತದಲ್ಲ, ಆ ಮಾತು ಬಂದಾಗ ನಾನು ಸ್ವಲ್ಪ ಕೆಮ್ಮಿ ಮುಂದೆ ಹೋಗುತ್ತೇನೆ. ಪಕ್ಕದ ಮನೆಯವರು ಹಬ್ಬಕ್ಕೆ ಕೊಟ್ಟ ಹೋಳಿಗೆ ಇನ್ನೂ ನನ್ನ ಅಡುಗೆಮನೆಯಲ್ಲಿರುತ್ತದೆ. ನಮ್ಮ ಮರೆವಿಗೆ ಪಾಪ ಅವರ ದೇವರುಗಳು ಕಾರಣವಲ್ಲ. ಸುಖವಾಗಿದ್ದೇವೆ, ಮರೆಯುತ್ತೇವೆ, ಅಷ್ಟೇ.

ಕರೋನಾ ಕಳೆದು ಚೀಲ ಸೊರಗಿದಾಗ ನನಗೆ ಒಂದು ಐಡಿಯಾ ಬಂತು. ಕಾನ್ವೆಂಟಿನ ಹುಡುಗಿಯರಿಗೆ ಬರುವಂಥ ಐಡಿಯಾ. ತಗಡಿನ ಡಬ್ಬಿಗಳನ್ನೆಲ್ಲ ಬಿಡಿಸಿ ಒಳಗಿದ್ದದ್ದು ಕಾಣುವ ಪ್ಲಾಸ್ಟಿಕ್ ಜಾರು ತರಿಸಿದೆ. ಕಾಣಿಸಿದರೆ ತುಂಬಿಸಲು ಹುಮ್ಮಸ್ಸು ಬರುತ್ತದೆ, ಸಿಸ್ಟಮ್ಯಾಟಿಕ್ ಆಗಿರುತ್ತದೆ ಎಂದು ಎಲ್ಲರಿಗೂ ವಿವರಿಸಿದೆ. ಅದಲುಬದಲಾಗದಿರಲಿ ಎಂದು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಮುಚ್ಚಳ. ನಾದಿನಿಗೆ ನೀಲಿ ಇಷ್ಟ ಎಂದು ನೀಲಿಯನ್ನು ಅವಳಿಗೇ ಎತ್ತಿಟ್ಟಿದ್ದೆ. ಜಾರು ತಂದವರು ಮುಂದಿನ ಮೇಜಿನ ಮೇಲೆ ಸಾಲಾಗಿ ಇಡಬೇಕು, ಕೂಟ ಮುಗಿದ ಮೇಲೆ ಸುರಿಯಬೇಕು. ಸೆರಗಿನ ಪದ್ಧತಿ ಅಲ್ಲಿಗೆ ಮುಗಿಯಿತು. ಯಾರೂ ಬೇಡ ಎನ್ನಲಿಲ್ಲ. ಟೀಚರಿಗೆ ಬೇಡ ಎನ್ನುವವರು ಯಾರು?

ಆ ತಿಂಗಳ ಕೂಟ ಹಿರಿಯೂರಿನಲ್ಲಿತ್ತು. ನಾನು ಇಸ್ರಾಯೇಲ್ಯರ ಪಾಠ ಹೇಳುತ್ತಾ ಚಕ್ರದ ಕೆಳಗಿನ ಭಾಗಕ್ಕೆ ಬಂದೆ. ಬೋರ್ಡು ಇರಲಿಲ್ಲ. ಪಾಠಕ್ಕೆ ವಿಷುಯಲ್ ಏಡ್ ಬೇಕು ಎಂದು ಸಿಸ್ಟರ್‌ಗಳು ಹೇಳಿಕೊಟ್ಟಿದ್ದರಲ್ಲ, ಕೈ ಮೇಜಿನ ಕಡೆ ಹೋಯಿತು. ಸಾಲಿನಲ್ಲಿದ್ದ ಜಾರುಗಳೆಲ್ಲ ಕುತ್ತಿಗೆಯವರೆಗೆ ತುಂಬಿದ್ದವು, ಒಂದರಲ್ಲಿ ಮಾತ್ರ ಎರಡು ಬೆರಳು ಅಕ್ಕಿ. ಅದನ್ನು ಎತ್ತಿ ಹಿಡಿದು, "ನೋಡ್ರಿ, ಇಸ್ರಾಯೇಲ್ಯರು ಇಳಿದದ್ದು ಹೀಗೇ" ಎಂದೆ.

ಯಾರೂ ನಗಲಿಲ್ಲ. ನೀಲಿ ಮುಚ್ಚಳ ಎಲ್ಲರಿಗೂ ಕಾಣುತ್ತಿತ್ತು. ನಾದಿನಿ ಚಪ್ಪಲಿ ಮೆಟ್ಟಿಕೊಂಡು ಬ್ಯಾಗು ತೆಗೆದುಕೊಂಡು ಎದ್ದು ಹೋದಳು. ಸಂಜೆಗೆ ವಾಟ್ಸಾಪ್ ಗ್ರೂಪಿನಿಂದ ಅವಳು ಲೆಫ್ಟ್ ಎಂದು ಬಂತು, ಅವಳ ಹಿಂದೆ ಹೊಸದುರ್ಗದ ಉಳಿದ ಐವರೂ ಒಬ್ಬೊಬ್ಬರಾಗಿ ಲೆಫ್ಟ್. ನಾಲ್ಕು ಊರಿನ ಕೂಟ ಮೂರು ಊರಿನದಾಯಿತು.

ಯಾರ ಜಾರು ಎಂದು ನೋಡದೆ ಎತ್ತಿಬಿಟ್ಟೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ನಾಲ್ಕು ವರ್ಷ ಹೇಳಿದೆ. ಇಲ್ಲಿ ಸುಳ್ಳು ಹೇಳಿ ಏನು ಪ್ರಯೋಜನ? ನನಗೆ ಗೊತ್ತಿತ್ತು. ಅದಕ್ಕೆ ಹಿಂದಿನ ತಿಂಗಳು, ಮರದ ಕೆಳಗೆ ಕುಳಿತು ನ್ಯಾಯ ಹೇಳುತ್ತಿದ್ದ ಹೆಂಗಸಿನ ಕಥೆ ಹೇಳುವಾಗ ನಾನು ಅಂಜೂರದ ಮರ ಎಂದಿದ್ದೆ. "ಖರ್ಜೂರದ ಮರ ಅತ್ಗೆ" ಎಂದು ನಾದಿನಿ ಎಲ್ಲರ ಎದುರಿಗೆ ತಿದ್ದಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸ್ಕ್ರಿಪ್ಚರ್ ಪ್ರೈಜ್ ತೆಗೆದುಕೊಂಡವಳನ್ನು. ಅವಳು ಹೇಳಿದ್ದು ಸರಿ ಇತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಮಾತಿಲ್ಲದಿದ್ದರೂ ತಿಂಡಿ ಓಡಾಡುತ್ತಿತ್ತು. ಕ್ರಿಸ್‌ಮಸ್‌ಗೆ ನಾನು ಕೇಕು ಕಳಿಸಿದರೆ ಅವಳು ಅದೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕರ್ಜಿಕಾಯಿ ಕಳಿಸುತ್ತಿದ್ದಳು. ಡಬ್ಬಿಯೊಳಗೆ ಒಂದು ಚೀಟಿ ಇರುತ್ತದೇನೋ ಎಂದು ಪ್ರತಿ ವರ್ಷ ಕರ್ಜಿಕಾಯಿಗಳನ್ನೆಲ್ಲ ತಟ್ಟೆಗೆ ಸುರಿದು ತಳ ನೋಡುತ್ತಿದ್ದೆ. ಇರುತ್ತಿರಲಿಲ್ಲ. ನಮ್ಮವರು ತೀರಿಕೊಂಡ ಮೇಲೆ ಅವರ ಚಿಕ್ಕಂದಿನ ಮಾತು ಬಲ್ಲವರು, ಅವರ ನಗುವನ್ನೇ ಮುಖದಲ್ಲಿ ಇಟ್ಟುಕೊಂಡವರು ಎಂದರೆ ನನಗೆ ಉಳಿದಿದ್ದವಳು ಇವಳೊಬ್ಬಳೇ.

ಮಂಗಳವಾರ ಬೆಳಿಗ್ಗೆ ಹೊರಟೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಸೀಟು ಹಿಡಿಯುವುದೊಂದು ಯುದ್ಧ. "ಅಜ್ಜಿ, ಆಧಾರ್ ತೋರ್ಸ್ರಿ" ಎಂದ ಕಂಡಕ್ಟರ್. "ಮುಖ ನೋಡಿದರೆ ಗೊತ್ತಾಗಲ್ವೇನಪ್ಪ?" ಎಂದೆ. "ಮುಖ ಗೊತ್ತಾಗ್ತೈತೆ, ರಾಜ್ಯ ಗೊತ್ತಾಗಬೇಕಲ್ಲ" ಎಂದ. ಹೊಳಲ್ಕೆರೆ ದಾಟಿದ ಮೇಲೆ ಗಾಳಿ ತಣ್ಣಗೆ ಮುಖಕ್ಕೆ ಹೊಡೆಯಿತು, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ನಾನು ಒಳಗೊಳಗೇ ವಾಕ್ಯ ಜೋಡಿಸುತ್ತಿದ್ದೆ. ಮೊದಲು ಇಂಗ್ಲಿಷಿನಲ್ಲಿ ಬಂತು. ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಎಂಬುದು ಬಹಳ ಅನುಕೂಲದ ಮಾತು. ಅದರಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ.

ಬಾಗಿಲು ತೆರೆದೇ ಇತ್ತು. ನಾದಿನಿ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಬರ್ರಿ ಅತ್ಗೆ, ಕುಂತ್ಕಳ್ರಿ" ಎಂದಳು, ನಿನ್ನೆ ಹೋದವಳು ಇವತ್ತು ಬಂದ ಹಾಗೆ. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು.

"ಈ ಸಲ ಕೂಟ ನಿಮ್ಮ ಮನೇಲಿ ಆಗ್ಲಿ ಅಂತಾರೆ ಕಣೇ ಎಲ್ಲಾರೂ" ಎಂದೆ.

"ಎಲ್ಲಾರೂ ಅಂದ್ರೆ?"

"ಹಿರಿಯೂರಿನೋರು, ಹೊಳಲ್ಕೆರೆಯೋರು, ರಾಮಗಿರಿ ಅಜ್ಜಿ..."

"ನೀವು?"

"ನಾನೂನು."

ಅವಳು ಮುದ್ದೆ ಕೋಲನ್ನು ಪಾತ್ರೆಯ ಅಂಚಿಗೆ ಒರೆಸಿದಳು. ನಾನು ಗಂಟಲು ಸರಿಮಾಡಿಕೊಂಡು ಬಸ್ಸಿನಲ್ಲಿ ಜೋಡಿಸಿದ ವಾಕ್ಯ ಶುರುಮಾಡಿದೆ. "ನೋಡು, ಅವತ್ತು ಯಾರ ಜಾರು ಅಂತ ನಾನು..." ಅವಳು ನನ್ನನ್ನೇ ನೋಡುತ್ತಿದ್ದಳು. ಹುಬ್ಬು ಎತ್ತುವುದು ಥೇಟ್ ಅವಳ ಅಣ್ಣನೇ. ವಾಕ್ಯ ಅರ್ಧಕ್ಕೆ ಕುಸಿಯಿತು.

"ನನಗೆ ಗೊತ್ತಿತ್ತು ಕಣೇ" ಎಂದೆ.

"ಗೊತ್ತಿತ್ತು ಅಂತ ನನಗೂ ಗೊತ್ತೈತೆ. ಮುಚ್ಚಳ ಆರಿಸಿ ಕೊಟ್ಟೋರೇ ನೀವು" ಎಂದಳು. ಬಿಸಿ ಮುದ್ದೆಯನ್ನು ಒದ್ದೆ ಕೈಯಲ್ಲಿ ಉಂಡೆ ಕಟ್ಟುತ್ತಾ ಕೇಳಿದಳು, "ಆ ಜಾರಿನಾಗೆ ಯಾಕೆ ಅಷ್ಟೇ ಇತ್ತು ಅಂತ ಒಂದಿನ ಆದ್ರೂ ಕೇಳಿದ್ರಾ?"

"ಇಲ್ಲ."

"ನಮ್ಮನೆಯೋರಿಗೂ ಶುಗರು, ನನಗೂ ಶುಗರು. ನಮ್ಮನೇಲಿ ಅನ್ನ ಆಗೋದೇ ವಾರಕ್ಕೊಂದ್ಸಲ, ಭಾನುವಾರ. ಆದಾಗೆಲ್ಲ ಒಂದು ಹಿಡಿ ಹಾಕಿದೀನಿ. ನಾಲ್ಕು ಭಾನುವಾರ, ನಾಲ್ಕು ಹಿಡಿ. ಅಮ್ಮ ಹೇಳಿಕೊಟ್ಟಿದ್ದು ಹಂಗೇ ಅಲ್ವಾ? ನಿಮ್ಮ ಜಾರು ತುಂಬಿ ತುಳುಕ್ತಿತ್ತಲ್ಲ ಅತ್ಗೆ, ಅದು ಎಷ್ಟು ಹಿಡಿ?"

ನನ್ನ ಜಾರು ಹೇಗೆ ತುಂಬಿತ್ತು ಎಂದು ನನಗೆ ಚೆನ್ನಾಗಿ ನೆನಪಿತ್ತು. ಕೂಟದ ಹಿಂದಿನ ದಿನ ಸಂಜೆ ಚೀಲದಿಂದ ದೊಡ್ಡ ಲೋಟದಲ್ಲಿ ಮೂರು ಸಲ ಬಗ್ಗಿಸಿ, ಅಲ್ಲಾಡಿಸಿ, ಮೇಲೆ ಸ್ವಲ್ಪ ಹಾಕಿ ಮುಚ್ಚಿದ್ದೆ. ಕಾಣುತ್ತದಲ್ಲ. ಡಬ್ಬಿಯ ಕಾಲದಲ್ಲಿ ನಾನು ಹಾಗೆ ಮಾಡಿದವಳಲ್ಲ.

"ತಪ್ಪಾಯ್ತು. ಸಾರಿ" ಎಂದೆ.

"ಸಾರಿ ಇಲ್ಲಿ ಹೇಳಿದ್ರೆ ಈ ಮುದ್ದೆ ಕೇಳಿಸಿಕಳ್ತೈತೆ. ಎಲ್ಲಾರ ಮುಂದೆ ಎತ್ತಿದ್ದನ್ನ ಅಡಿಗೆಮನ್ಯಾಗೆ ಇಳಿಸಿದ್ರೆ ಹೆಂಗೆ?"

ಅವಳ ಷರತ್ತು ಸರಳವಾಗಿತ್ತು. ಮನೆ ಕೊಡುತ್ತಾಳೆ, ಮಂಡಕ್ಕಿಯೂ ಅವಳದೇ. ನಾನು ಮೊದಲು ಎದ್ದು ನಿಂತು, ಗೊತ್ತಿದ್ದೇ ಎತ್ತಿದೆ ಎಂದು ಎಲ್ಲರಿಗೂ ಹೇಳಬೇಕು. ಆಮೇಲೆ ಪಾಠ ಅವಳು ಮಾಡುತ್ತಾಳೆ.

"ಪಾಠ ನೀನಾ?" ನನ್ನ ಬಾಯಿಂದ ಜಾರಿಯೇ ಹೋಯಿತು.

"ಯಾಕೆ, ಕಾನ್ವೆಂಟು ನೋಡದೋರಿಗೆ ದೇವ್ರು ಅರ್ಥ ಆಗಲ್ವಾ? ಸುಮ್ನೆ ಊಟ ಮಾಡ್ರಿ."

ಊಟ ಮಾಡಿದೆ. ಬಸ್ಸಾರು ಅತ್ತೆಯ ಕೈಯದರಂತೆಯೇ ಇತ್ತು, ಆದರೆ ಹೊಗಳಲು ಅದು ಸಮಯವಲ್ಲ ಎನಿಸಿತು. ಹೇಳುತ್ತೇನೆ ಎಂದೂ ಹೇಳದೆ, ಇಲ್ಲ ಎಂದೂ ಹೇಳದೆ ಬಸ್ಸು ಹತ್ತಿದೆ.

ಕೂಟ ಶನಿವಾರಕ್ಕಿತ್ತು, ಉಳಿದ ಮೂರು ದಿನ ನನಗೆ ಯಾವ ಕೆಲಸವೂ ಸಾಗಲಿಲ್ಲ. ಪಾಠದ ಹಳೆಯ ನೋಟ್ಸ್ ತೆಗೆದು ಕುಳಿತೆ. ಇಷ್ಟು ವರ್ಷ ಆ ಚಕ್ರದಲ್ಲಿ ನಾನು ನಿಂತಿದ್ದ ಜಾಗ ರೆಸ್ಕ್ಯೂ ಎಂದು ಬರೆದ ಕಡೆ. ಜನ ಮರೆಯುತ್ತಾರೆ, ನಾನು ಎಚ್ಚರಿಸುತ್ತೇನೆ. ಆದರೆ ದೇವರು ಎಬ್ಬಿಸಿದವರನ್ನು ನೋಡಿದರೆ ನಮ್ಮ ಕಾನ್ವೆಂಟಿನಲ್ಲಿ ಯಾರಿಗೂ ಮುಂದಿನ ಬೆಂಚು ಸಿಗುತ್ತಿರಲಿಲ್ಲ. ಒಬ್ಬ ಎಡಚ. ಎಡಗೈಯಲ್ಲಿ ಬರೆದರೆ ಸಿಸ್ಟರ್ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. ಇನ್ನೊಬ್ಬ ಶತ್ರುಗಳಿಗೆ ಹೆದರಿ ದ್ರಾಕ್ಷಿ ತುಳಿಯುವ ಗುಂಡಿಯಲ್ಲಿ ಬಚ್ಚಿಟ್ಟುಕೊಂಡು ಗೋಧಿ ಬಡಿಯುತ್ತಿದ್ದವನು. ಇವರ ನಡುವೆ ನಾನು ಎಲ್ಲಿದ್ದೇನೆ ಎಂದು ಹುಡುಕಿದೆ. ಮರೆತ ಜನರ ಗುಂಪಿನಲ್ಲಿ, ಅದೂ ಬಹಳ ಮುಂದೆ, ತುಂಬಿದ ಜಾರು ಹಿಡಿದುಕೊಂಡು ನಿಂತಿದ್ದೆ.

ಆದರೂ ಎಲ್ಲರ ಮುಂದೆ ಹೇಳುವುದು ಎಂದರೆ! ಐವತ್ತು ವರ್ಷ ನನ್ನನ್ನು ಟೀಚರ್ ಎಂದು ಕರೆದವರ ಮುಂದೆ. ಶುಕ್ರವಾರ, ನೆಗಡಿ ಎಂದು ಫೋನ್ ಮಾಡಿಬಿಡೋಣ ಎನಿಸಿತು. ಮೂಗು ಸೋರದಿದ್ದರೂ ಒಂದು ಕರವಸ್ತ್ರ ಹುಡುಕಿ ಇಟ್ಟುಕೊಂಡೆ. ಹೋಗದಿದ್ದರೆ ಮುಂದೆ ಅವಳ ಮನೆಯ ಬಾಗಿಲು ನನಗೆ ತೆರೆದಿರುವುದಿಲ್ಲ, ಕರ್ಜಿಕಾಯಿ ಕೂಡ ನಿಲ್ಲಬಹುದು. ಶನಿವಾರ ಎದ್ದು ಹೊರಟೆ.

ನಾದಿನಿಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ನಾಲ್ಕೂ ಊರಿನವರು ಬಂದಿದ್ದರು, ಹೊಸದುರ್ಗದ ಐವರೂ ಗೋಡೆಗೆ ಒರಗಿ ಕೈಕಟ್ಟಿ ಕುಳಿತಿದ್ದರು. ಹಾಡು ಮುಗಿಯಿತು. ನಾದಿನಿ ನನ್ನ ಕಡೆ ನೋಡಲಿಲ್ಲ. ಕಿಟಕಿಯ ಪರದೆ ಸರಿಮಾಡುತ್ತಾ ನಿಂತಿದ್ದಳು. ನಾನು ಎದ್ದೆ. ಮೊಣಕಾಲು ಲಟಕ್ಕೆಂದಿತು.

"ನಾಲ್ಕು ವರ್ಷದ ಹಿಂದೆ ನಾನು ನನ್ನ ನಾದಿನಿಯ ಜಾರು ಎತ್ತಿ ತೋರಿಸಿದ್ದೆ" ಎಂದೆ. "ಯಾರದು ಅಂತ ಗೊತ್ತಿರಲಿಲ್ಲ ಅಂತ ನಿಮಗೆಲ್ಲ ಹೇಳಿದ್ದೆ. ಅದು ಸುಳ್ಳು. ಗೊತ್ತಿದ್ದೇ ಎತ್ತಿದೆ. ಅವಳು ನನ್ನ ತಪ್ಪು ತಿದ್ದಿದ್ದಳು ಅನ್ನೋ ಸಿಟ್ಟಿಗೆ."

ಆಗ ರಾಮಗಿರಿಯ ಅಜ್ಜಿ ಕಾಲು ಚಾಚಿಕೊಳ್ಳುತ್ತಾ, "ಅದು ನಮಗೆ ಅವತ್ತೇ ಗೊತ್ತಾತು ಬಿಡ್ರಿ ಟೀಚರ್. ಮುಂದಕ್ಕೆ ಹೇಳ್ರಿ" ಎಂದರು.

ಮುಂದಕ್ಕೆ ಏನೂ ಇರಲಿಲ್ಲ. ಆದರೆ ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. "ಅವಳದು ನಾಲ್ಕು ಹಿಡಿ, ನಾಲ್ಕೂ ಹಿಡಿಯಕ್ಕಿ. ನನ್ನದು ಹಿಂದಿನ ದಿನ ಚೀಲದಿಂದ ಲೋಟದಲ್ಲಿ ಸುರಿದದ್ದು" ಎಂದೆ.

"ಅಯ್ಯೋ, ಹಂಗಾರೆ ನಾನೊಬ್ಬಳೇ ಅಲ್ಲ!" ಎಂದರು ಅಜ್ಜಿ, ನಿಜವಾದ ಸಂತೋಷದಿಂದ.

ಗೋಡೆಗೆ ಒರಗಿದ್ದ ಐವರಲ್ಲಿ ಒಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಿದಳು. "ನಮ್ಮನ್ಯಾಗೆ ಸುರಿಯೋದು ನಮ್ಮ ಸೊಸೆ, ನಾನಲ್ಲಪ್ಪ" ಎಂದು ಹಿರಿಯೂರಿನ ಕಡೆಯಿಂದ ಒಂದು ದನಿ ಬಂತು. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಾನು ಕುಳಿತುಕೊಂಡೆ. ಮೈ ಬೆವೆತಿತ್ತು, ಹಗುರವೂ ಆಗಿತ್ತು.

ನಾದಿನಿ ಪಾಠ ಶುರುಮಾಡಿದಳು. ಚಕ್ರ ಇಲ್ಲ, ನೋಟ್ಸ್ ಇಲ್ಲ. "ಅವ್ರು ಮರೀತಿದ್ರು. ಪೆಟ್ಟು ಬೀಳ್ತಿತ್ತು, ನೆಪ್ಪಾಗ್ತಿತ್ತು. ಮತ್ತೆ ಮರೀತಿದ್ರು. ನಮ್ಮಂಗೇ" ಎಂದಳು. ನ್ಯಾಯಸ್ಥಾಪಕರನ್ನು ಎರಡು ಮಾತಿನಲ್ಲಿ ದಾಟಿ ಅವಳು ನೇರವಾಗಿ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ರಾಜನ ಕಾಲಕ್ಕೆ ಹೋದಳು. ಗುಡಿ ಹಾಳುಬಿದ್ದಿತ್ತು, ರಾಜ ರಿಪೇರಿ ಮಾಡಿಸುತ್ತಿದ್ದ, ಕಲ್ಲುಕೆಲಸದವರು, ಬಡಗಿಗಳು ಓಡಾಡುತ್ತಿದ್ದಾಗ ಯಾರೂ ನೋಡದೆ ಎಷ್ಟೋ ಕಾಲವಾಗಿದ್ದ ಧರ್ಮಶಾಸ್ತ್ರದ ಸುರುಳಿ ಸಿಕ್ಕಿತು. ಓದಿ ಕೇಳಿದ ರಾಜ ಬಟ್ಟೆ ಹರಿದುಕೊಂಡು ಅತ್ತ. ಅವಳು ಹೇಳುವಾಗ ಆ ಕಲ್ಲುಕೆಲಸದವರೆಲ್ಲ ಹೊಸದುರ್ಗದ ಭಾಷೆಯಲ್ಲೇ ಮಾತಾಡುತ್ತಿದ್ದರು. "ಏನ್ಲೇ ಇದು, ಇಲ್ಲಿ ಬಿದ್ದೈತೆ?" ಎಂದು ಒಬ್ಬ ಕೇಳಿದನಂತೆ.

ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು. "ಅತ್ಗೆ, ಎದ್ದು ಹೇಳ್ರಿ. ಸುರುಳಿ ಕಳೆದುಹೋಗಿದ್ದು ಎಲ್ಲಿ?"

ನಾನು ಎದ್ದು ನಿಂತೆ. "ಗುಡಿಯೊಳಗೇ."

"ಕಳ್ಳರು ಹೊತ್ಕಂಡು ಹೋಗಿದ್ರಾ?"

"ಇಲ್ಲ. ಅಲ್ಲೇ ಇತ್ತು. ದಿನಾ ಅಲ್ಲಿಗೇ ಬಂದು ಹೋಗೋರು ಯಾರೂ ನೋಡಿರಲಿಲ್ಲ."

"ಕುಂತ್ಕಳ್ರಿ" ಎಂದಳು. ಐದು ಮಾರ್ಕಿಗಿಂತ ಜಾಸ್ತಿಯೇ ಕೊಟ್ಟಳು ಎಂದು ಮುಖದಲ್ಲಿ ಕಂಡಿತು.

ಸೆರೆಯಿಂದ ಊರಿಗೆ ಮರಳಿದವರು ಬೀದಿಯಲ್ಲಿ ನಿಂತು ಗ್ರಂಥ ಕೇಳಿ ಅತ್ತದ್ದನ್ನು ಹೇಳಿ ಅವಳು ಪಾಠ ಮುಗಿಸಿದಳು. ಅತ್ತದ್ದು ಸಾಕು, ಮನೆಗೆ ಹೋಗಿ ಸಿಹಿ ಉಣ್ಣಿ, ಇಲ್ಲದವರಿಗೂ ಒಂದು ಪಾಲು ಕಳಿಸಿ ಎಂದು ಹಿರಿಯರು ಅವರನ್ನು ಸಮಾಧಾನ ಮಾಡಿದರಂತೆ. ಈ ಭಾಗ ನಾನು ನಲವತ್ತು ವರ್ಷ ಪಾಠ ಹೇಳಿದರೂ ಬಿಟ್ಟುಬಿಡುತ್ತಿದ್ದೆ. ಗದರಿಕೆಯ ಭಾಗ ಮುಗಿಯುವಷ್ಟರಲ್ಲಿ ನನ್ನ ಟೈಮು ಮುಗಿದಿರುತ್ತಿತ್ತು.

ಮಂಡಕ್ಕಿ ತಿಂದು ಎಲ್ಲರೂ ಬಸ್ ಸ್ಟ್ಯಾಂಡಿಗೆ ಹೊರಟರು. ನಾದಿನಿ ನನ್ನ ಜೊತೆ ಬಂದಳು, ಛತ್ರಿಯನ್ನು ಅರ್ಧ ನನ್ನ ಮೇಲೆ ಹಿಡಿದು. "ಮುಂದಿನ ತಿಂಗಳು ಹಿರಿಯೂರಿಗೆ ಬರ್ತೀಯಲ್ಲ?" ಎಂದೆ. "ನೋಡಾಣ" ಎಂದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಹೋಗಬೇಕೆಂದು ಕೇಳುವ ಹಕ್ಕೂ ನನಗಿರಲಿಲ್ಲ. ಆಮೇಲೆ ಅವಳು, "ನನಗೆ ಹೋದ ವರ್ಷ ಕಣ್ಣಿನ ಆಪರೇಷನ್ ಆತು, ಗೊತ್ತಾ ನಿಮಗೆ?" ಎಂದಳು.

"ಗೊತ್ತಿಲ್ಲ ಕಣೇ. ಯಾರೂ ಹೇಳಲಿಲ್ಲ."

"ನಾನೇ ಹೇಳಬ್ಯಾಡಿ ಅಂದಿದ್ದೆ. ಯಾವ ಕಣ್ಣಿಗೆ ಅಂತ ಕೇಳ್ರಿ."

"ಯಾವ ಕಣ್ಣಿಗೆ?"

ಬಸ್ಸು ಬಂತು. ಹೊಳಲ್ಕೆರೆಯವರೂ ಹಿರಿಯೂರಿನವರೂ ನುಗ್ಗಿದರು, ರಾಮಗಿರಿಯ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, "ಟೀಚರ್, ಹತ್ರೀ, ಸೀಟು ಹಿಡಿದೀನಿ!" ಎಂದು ಕೂಗಿದರು. ನಾದಿನಿ ತನ್ನ ಕಥೆಯಲ್ಲಿ ಆಗಷ್ಟೇ ಎಡಗಣ್ಣಿನ ಪಟ್ಟಿ ಬಿಚ್ಚಿದ ದಿನಕ್ಕೆ ಬಂದಿದ್ದಳು. ಇನ್ನೂ ಬಲಗಣ್ಣಿತ್ತು, ಅವಳ ಗಂಡನ ಶುಗರಿತ್ತು, ಪಕ್ಕದ ಮನೆಯವರು ಕಾಂಪೌಂಡು ಒತ್ತಿದ ಕಥೆಯಿತ್ತು, ನಾಲ್ಕು ವರ್ಷ ಪೂರ್ತಿ ಇತ್ತು. ನಾನು ಅಜ್ಜಿಗೆ ಹೋಗಿ ಎಂದು ಕೈ ಬೀಸಿ, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಅವಳಿಗೂ ಜಾಗ ಮಾಡಿದೆ.